ಚೀಲ ತೆಗೆಸಲು ಬಂದ ಹುಡುಗಿ

ಯಾದಗಿರಿ ಜಿಲ್ಲೆ, 18 ಆಗಸ್ಟ್ 2025, ಸೋಮವಾರ, ರಾತ್ರಿ

ಶ್ರಾವಣದ ಕೊನೆ ಸೋಮವಾರ ಇವತ್ತು. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಉಪವಾಸ, ಗುಡಿ ಅಂತ ಜನ ಆಸ್ಪತ್ರೆ ಕಡೆ ಕಡಿಮೆ ಬರಬಹುದು, ಬಾಕಿ ಉಳಿದ ರಿಜಿಸ್ಟರ್ ಬರೆದು ಮುಗಿಸೋಣ ಅಂದುಕೊಂಡು ಹೋದೆ. ಬೀಗ ತೆಗೆಯುವ ಮೊದಲೇ ಇಬ್ಬರು ಕಾಯುತ್ತಿದ್ದರು. ಇಬ್ಬರದೂ ಒಂದೇ ಮಾತು. "ಮೇಡಂ, ಮುಟ್ಟು ಮುಂದ ಹೋಗೋ ಗುಳಿಗಿ ಕೊಡ್ರಿ." ಒಬ್ಬಳ ಮನೆಯಲ್ಲಿ ಸಂಜೆಗೇ ಪೂಜೆ. ಆ ಗುಳಿಗೆ ಮುಟ್ಟಿಗೆ ಮೂರು ದಿನ ಮೊದಲೇ ಶುರು ಮಾಡಬೇಕು, ಅದೂ ಡಾಕ್ಟರ್ ನೋಡಿ ಬರೆದುಕೊಟ್ಟರೆ ಮಾತ್ರ ಅಂದೆ. ಸಿಟ್ಟಾಗಿ ಮೆಡಿಕಲ್ ಕಡೆ ನಡೆದಳು. ಅಲ್ಲಿ ಏನೂ ಕೇಳದೆ ಕೊಡುತ್ತಾರೆ. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

ನಾನು ಸ್ನೇಹಾ ಕ್ಲಿನಿಕ್ಕಿನಲ್ಲಿ ಕೌನ್ಸೆಲರ್. 2014ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಕೆಳಗೆ ಬರುತ್ತದೆ ಇದು, 10ರಿಂದ 19 ವರ್ಷದವರಿಗಾಗಿ. ಕೋಣೆ ಅನ್ನೋದು ದೊಡ್ಡ ಮಾತು. ಸ್ಟೋರ್ ರೂಮಿನ ಅರ್ಧ, ನಡುವೆ ಪ್ಲೈವುಡ್, ಆಚೆ ಕಡೆ ಇಂಜೆಕ್ಷನ್‌ಗೆ ನಿಂತವರ ಸಾಲು. ಇಲ್ಲಿ ಪಿಸುಗುಟ್ಟಿದ್ದು ಅಲ್ಲಿ ಕೇಳುತ್ತದೆ. ಮೇಲೆ ಮಾತ್ರ ಗುಲಾಬಿ ಬಣ್ಣದ ದೊಡ್ಡ ಬೋರ್ಡು. ಮದುವೆ ಆಗದ ಹುಡುಗಿ ಆ ಬೋರ್ಡಿನ ಕೆಳಗೆ ಎರಡು ನಿಮಿಷ ನಿಂತರೆ ಸಾಕು, ಅವಳು ಟಂಟಂ ಹತ್ತುವ ಮೊದಲೇ ಸುದ್ದಿ ಊರು ಮುಟ್ಟಿರುತ್ತದೆ.

ಹನ್ನೊಂದರ ಹೊತ್ತಿಗೆ ಒಂದು ಲಂಬಾಣಿ ತಾಂಡಾದಿಂದ ಅತ್ತೆ ಸೊಸೆ ಬಂದರು. ಇದನ್ನು ಬರೆಯಲಾ ಅಂತ ಹುಡುಗಿಯನ್ನೇ ಕೇಳಿದೆ. "ಹೆಸರು ಹಾಕಬ್ಯಾಡ್ರಿ ಅಕ್ಕಾ, ಉಳಿದದ್ದು ಬರೀರಿ" ಅಂದಳು. ಹಾಗಾಗಿ ಹೆಸರಿಲ್ಲ, ತಾಂಡಾದ ಹೆಸರೂ ಇಲ್ಲ.

ಅತ್ತೆಯೇ ಮಾತು ಶುರು ಮಾಡಿದಳು. ಸೊಸೆಗೆ ಬಿಳಿ ಹೋಗುತ್ತದೆ, ಸೊಂಟ ನೋವು, ಖಾಸಗಿ ದವಾಖಾನೆಯಲ್ಲಿ ಸ್ಕ್ಯಾನ್ ಮಾಡಿ ಚೀಲ ಕೆಟ್ಟಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ ಅಂದಿದ್ದಾರೆ, ನಲವತ್ತು ಸಾವಿರ ಕೇಳಿದ್ದಾರೆ, ಆಡು ಮಾರಿದರೂ ಅಷ್ಟು ಆಗುವುದಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ತೆಗೆಯುತ್ತಾರಾ ಅಂತ ಕೇಳಲು ಬಂದಿದ್ದಾರೆ. ಒಂದೇ ಉಸಿರಿಗೆ ಇಷ್ಟು. ಗರ್ಭಚೀಲದ ಮಾತನ್ನು ಹಳೆ ಸೈಕಲ್ ಟ್ಯೂಬ್ ಬದಲಿಸುವ ಹಾಗೆ ಆಡಿದಳು.

ಹುಡುಗಿಗೆ ವಯಸ್ಸೆಷ್ಟು? ತಾಯಿ ಕಾರ್ಡಿನಲ್ಲಿ 22. ಅತ್ತೆಯನ್ನು (ಲಂಬಾಣಿಯಲ್ಲಿ ಅವ್ವನಿಗೆ ಯಾಡಿ ಅಂತಾರೆ) "ಯಾಡಿ, ಸ್ವಲ್ಪ ಚೀಟಿ ಮಾಡಿಸ್ಕೊಂಡು ಬಾ" ಅಂತ ಕೌಂಟರಿಗೆ ಕಳಿಸಿದ ಮೇಲೆ ನಿಜ ಹೊರಗೆ ಬಂತು. 19. ಹತ್ತನೇತ್ತೆಯಲ್ಲಿ ಗಣಿತ ಹೋಯಿತು, ಅದೇ ವರ್ಷ ಲಗ್ನ. ಎರಡು ಮಕ್ಕಳು. ಕಾರ್ಡಿನಲ್ಲಿ ವಯಸ್ಸು ಯಾಕೆ ಜಾಸ್ತಿ ಅಂತ ಕೇಳಬೇಕಾಗಿಯೇ ಇಲ್ಲ. ಹದಿನೆಂಟರೊಳಗೆ ಬಸಿರಾದರೆ ಪೋಕ್ಸೋ ಕೇಸು, ಗಂಡ ಜೈಲಿಗೆ ಅನ್ನುವ ಭಯ ಎಲ್ಲ ತಾಂಡಾದಲ್ಲೂ ಇದೆ. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅಂತ ಕರ್ನಾಟಕ 2016ರಲ್ಲೇ ಕಾನೂನಿಗೆ ತಿದ್ದುಪಡಿ ತಂದಿದೆ. ಆದರೂ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಜನರಿಗೆ ಹದಿನೆಂಟರೊಳಗೇ ಮದುವೆ ಆಗಿತ್ತು. ಕಾನೂನು ಬಂದು ಮದುವೆ ನಿಂತಿತೋ ಇಲ್ಲವೋ, ಕಾರ್ಡಿನಲ್ಲಿ ವಯಸ್ಸಂತೂ ಬೆಳೆಯಿತು. ಹದಿನಾರರ ಬಸುರಿಗೆ ಬೇಕಾದ ಎಚ್ಚರಿಕೆ 19 ಅಂತ ಬರೆಸಿದವಳಿಗೆ ಸಿಗುವುದಿಲ್ಲ.

ಚೀಲ ಯಾಕೆ ತೆಗೆಸಬೇಕು ಅಂತ ಅವಳನ್ನೇ ಕೇಳಿದೆ. "ಇದ್ದು ಏನ್ ಮಾಡೋದದ ಅಕ್ಕಾ? ಎರಡು ಮಕ್ಕಳಾದ್ವು. ಚೀಲ ಹೋದ್ರ ಮುಟ್ಟು ಇಲ್ಲ, ಬಸಿರು ಇಲ್ಲ, ಕೆಲಸ ತಪ್ಪೋದಿಲ್ಲ."

ನಾನು ಸುಮ್ಮನಾದೆ. ಮೀಟಿಂಗುಗಳಲ್ಲಿ ಇದನ್ನು ಅಜ್ಞಾನ ಅಂತ ಕರೆಯುತ್ತೇವೆ. ಅಜ್ಞಾನ ಎಲ್ಲಿದೆ ಇದರಲ್ಲಿ? ಲೆಕ್ಕ ಸರಿಯಾಗಿಯೇ ಹಾಕಿದ್ದಾಳೆ. ಪುಣೆಗೆ ಗುಳೆ ಹೋಗುತ್ತಾರೆ, ಕಟ್ಟಡದ ಕೆಲಸ. ಅಲ್ಲಿ ಪಾಯಿಖಾನೆ ಇಲ್ಲ, ಕತ್ತಲಾಗುವವರೆಗೆ ತಡೆದುಕೊಳ್ಳಬೇಕು, ಅದಕ್ಕೇ ನೀರು ಕುಡಿಯುವುದಿಲ್ಲ. ಬಟ್ಟೆ ತೊಳೆದರೆ ಬಿಸಿಲಿಗೆ ಒಣ ಹಾಕುವ ಹಾಗಿಲ್ಲ, ಶೆಡ್ಡಿನ ಮೂಲೆಯಲ್ಲಿ ಹಸಿ ಹಸಿಯಾಗಿಯೇ ಮಡಚಿಡಬೇಕು. ಒಂದು ದಿನ ಕೂತರೆ ಆ ದಿನದ ಪಗಾರ ಹೋಯಿತು. ಇಷ್ಟೆಲ್ಲ ಕಿರಿಕಿರಿಗೆ ಒಂದೇ ಆಪರೇಷನ್ ಅಂತ ಯಾರಾದರೂ ಹೇಳಿದರೆ ನಾನಾದರೂ ಯೋಚನೆ ಮಾಡುತ್ತಿದ್ದೆ. ಅವಳಿಗೆ ಬೇಕಾಗಿದ್ದು ಮೂರನೇ ಬಸಿರು ಬೇಡ, ತುರಿಕೆ ನಿಲ್ಲಲಿ, ಅಷ್ಟೇ. ಇವೆರಡಕ್ಕೂ ಚೀಲ ತೆಗೆಯಬೇಕಾಗಿಲ್ಲ ಅಂತ ಇಲ್ಲಿವರೆಗೆ ಒಬ್ಬರೂ ಹೇಳಿರಲಿಲ್ಲ.

"ಬಿಳಿ ಹೋಗೋದು" ಅಂತ ಬಂದವರೆಲ್ಲ ಒಂದೇ ಕಾಯಿಲೆ ತಂದಿರುವುದಿಲ್ಲ. ತಿಂಗಳ ನಡುವೆ ಲೋಳೆಯಂತೆ ತಿಳಿಯಾಗಿ ಹೋಗುವುದು ಕಾಯಿಲೆಯೇ ಅಲ್ಲ, ಮೈ ತನ್ನ ಕೆಲಸ ತಾನು ಮಾಡುತ್ತಿದೆ ಅಂತ ಅರ್ಥ. ಮೊಸರು ಒಡೆದ ಹಾಗೆ ಇದ್ದು ತುರಿಸಿದರೆ ಫಂಗಸ್. ಮೀನಿನ ವಾಸನೆ ಬಂದರೆ ಬ್ಯಾಕ್ಟೀರಿಯಾ. ಗಂಡನಿಂದ ಬಂದ ಸೋಂಕೂ ಇರಬಹುದು. ಇವೆಲ್ಲ ಗುಳಿಗೆಗೆ ವಾಸಿಯಾಗುತ್ತವೆ, ಸರ್ಕಾರಿ ಆಸ್ಪತ್ರೆಯಲ್ಲಿ ಬಣ್ಣಬಣ್ಣದ ಕಿಟ್ಟುಗಳಲ್ಲಿ ಪುಕ್ಕಟೆ ಸಿಗುತ್ತವೆ. ಕೆಲವರಿಗೆ ಏನೂ ಇರುವುದಿಲ್ಲ. ಗಂಡ ಕುಡಿದು ಹೊಡೆಯುತ್ತಾನೆ ಅಂತ ಹೇಳಲು ಬಂದಿರುತ್ತಾರೆ, ಬಾಯಿಗೆ ಬರುವುದು "ಬಿಳಿ ಹೋಗ್ತದ" ಅಂತ.

(ಹುಡುಗರಿಗೂ ಇಂಥದೇ ಒಂದು ಮಾತಿದೆ. "ಧಾತು ಹೋಗ್ತದ" ಅಂತಾರೆ. ನಿದ್ದೆಯಲ್ಲಿ ಆಗುವುದು ಸಹಜ ಅಂತ ನಾನು ಹೇಳಿದರೆ ನಂಬುವುದಿಲ್ಲ, ಬಸ್‌ಸ್ಟ್ಯಾಂಡ್ ಗೋಡೆ ಮೇಲಿನ ಗುಪ್ತರೋಗದ ಜಾಹೀರಾತನ್ನು ನಂಬಿ ಸಾವಿರಗಟ್ಟಲೆ ಕೊಟ್ಟು ಬರುತ್ತಾರೆ.)

ಕಲಬುರಗಿ ಭಾಗದವರಿಗೆ ಈ ಕಥೆ ಹೊಸದಲ್ಲ. ಹತ್ತು ವರ್ಷದ ಹಿಂದೆ, 2015ರ ಹೊತ್ತಿಗೆ, ಪಕ್ಕದ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳ ಗರ್ಭಚೀಲ ಬೇಕಾಬಿಟ್ಟಿ ತೆಗೆದದ್ದು ದೊಡ್ಡ ಸುದ್ದಿಯಾಗಿತ್ತು. ಎಷ್ಟೋ ಜನ ಹೊಟ್ಟೆನೋವು, ಬಿಳಿ ಹೋಗುವುದು ಅಂತಲೇ ಹೋಗಿದ್ದವರು. 2017ರಲ್ಲಿ ಆ ಹೆಣ್ಣುಮಕ್ಕಳೇ ಕಲಬುರಗಿಯಲ್ಲಿ ಬೀದಿಗಿಳಿದು ಹೋರಾಟ ಮಾಡಿದರು. ಅನಗತ್ಯವಾಗಿ ಗರ್ಭಚೀಲ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿ ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು. ಇವತ್ತು ನನ್ನ ಮುಂದೆ ಕೂತವಳ ತವರು ಅದೇ ಕಡೆಯದು. ಅವಳ ಅವ್ವನ ಚೀಲ ಮೂವತ್ತು ದಾಟುವ ಮೊದಲೇ ಹೋಗಿದೆ.

"ನಿಮ್ಮವ್ವ ಈಗ ಹೆಂಗಿದ್ದಾಳ?" ಅಂದೆ. ಸ್ವಲ್ಪ ಹೊತ್ತು ಯೋಚಿಸಿದಳು. ಸೊಂಟ ಹಿಡಿದುಕೊಂಡೇ ಏಳುತ್ತಾಳಂತೆ. ರಾತ್ರಿ ಮೈಯೆಲ್ಲ ಬೆಂಕಿ ಹತ್ತಿದ ಹಾಗೆ ಆಗಿ ಹೊರಗೆ ಹೋಗಿ ಕೂಡುತ್ತಾಳಂತೆ. ಚೀಲದ ಜೊತೆ ಅಂಡಾಶಯವನ್ನೂ ತೆಗೆದುಬಿಟ್ಟರೆ ಹೀಗಾಗುತ್ತದೆ, ಮೂಳೆ ಬೇಗ ಸವೆಯುತ್ತದೆ ಅಂತ ವಿವರಿಸಿದೆ. ಆಪರೇಷನ್ ಮಾಡಿದಾಗ ಏನೇನು ತೆಗೆದರು ಅಂತ ಅವಳ ಅವ್ವನಿಗೂ ಗೊತ್ತಿಲ್ಲ. ಕಾಗದ ಕೊಟ್ಟೇ ಇಲ್ಲ.

ಲೇಡಿ ಡಾಕ್ಟರ್ ಇವತ್ತು ಇದ್ದರು, ಪುಣ್ಯ. ನೋಡಿದರು. ಸೋಂಕು, ಗರ್ಭಚೀಲದ ಬಾಯಿಯ ಹತ್ತಿರ ಸ್ವಲ್ಪ ಕೆಂಪಾಗಿದೆ, ಚೀಲಕ್ಕೆ ಏನೂ ಆಗಿಲ್ಲ ಅಂದರು. ಬೂದು ಬಣ್ಣದ ಕಿಟ್, ಹಸಿರು ಬಣ್ಣದ ಕಿಟ್ ಎರಡೂ ಬರೆದರು. ಎಚ್‌ಐವಿ ಟೆಸ್ಟೂ ಮಾಡಿಸಿದೆವು, ನೆಗೆಟಿವ್. ಬಸಿರು ತಡೆಯಲು ಅಂತರಾ ಇಂಜೆಕ್ಷನ್ ಇದೆ, ಮೂರು ತಿಂಗಳಿಗೆ ಒಂದು, ಮುಟ್ಟು ಹೆಚ್ಚುಕಡಿಮೆ ಆಗಬಹುದು, ನಿಲ್ಲಲೂಬಹುದು, ಹೆದರಬೇಡ ಅಂದೆ. ಛಾಯಾ ಗುಳಿಗೆ ತೋರಿಸಿದೆ. ಕಾಪರ್-ಟಿ ಎದೆಗೆ ಏರುತ್ತದೆ ಅಂತ ಯಾರೋ ಹೇಳಿದ್ದಾರೆ, ಅದನ್ನು ಬಿಡಿಸಲು ಕಾಲು ಗಂಟೆ ಹೋಯಿತು, ಪೂರ್ತಿ ನಂಬಿದಳು ಅಂತಲೂ ಅನ್ನಿಸಲಿಲ್ಲ.

ಅಷ್ಟರಲ್ಲಿ ಚೀಟಿ ಹಿಡಿದು ಬಂದ ಅತ್ತೆ ಬಾಗಿಲಲ್ಲೇ ಕೇಳಿದಳು. "ಹಂಗಾದ್ರ ಆ ಡಾಕ್ಟರ್ ಸುಳ್ಳ ಹೇಳ್ಯಾನ?" ಏನು ಹೇಳಲಿ? ಆಡು ಮಾರಬೇಡ ಯಾಡಿ, ಈ ಗುಳಿಗೆ ಮುಗಿದ ಮೇಲೆ ಮತ್ತೆ ಬಾ ಅಂದೆ.

ಮಧ್ಯಾಹ್ನ ಇನ್ನೊಂದು ಆಯಿತು, ಅದೇ ಈಗ ತಲೆಯಲ್ಲಿ ಕೊರೆಯುತ್ತಿರುವುದು. ಕಾಲೇಜ್ ಬ್ಯಾಗ್ ಹಾಕಿಕೊಂಡ ಹುಡುಗಿ ಎರಡು ಸಲ ಬಾಗಿಲ ಮುಂದೆ ಹಾದು ಹೋದಳು. ಮೂರನೇ ಸಲ ಒಳಗೆ ಬಂದು "ಮೇಡಂ, ಮದುವಿ ಆಗದಿದ್ದವರಿಗೂ..." ಅಂದಳು, ಅಷ್ಟರಲ್ಲಿ ಆಚೆ ಸಾಲಿನಿಂದ ಯಾರೋ ಅವಳ ಅಪ್ಪನ ಹೆಸರು ಹೇಳಿ ಇಂಥವರ ಮಗಳಲ್ವಾ ನೀನು ಅಂದರು. ತಿರುಗಿ ಹೊರಟೇ ಹೋದಳು. ನಾನು ಗೇಟಿನವರೆಗೆ ಓಡಿದೆ. ಸಿಗಲಿಲ್ಲ.

ಅವಳು ಏನು ಕೇಳಲು ಬಂದಿದ್ದಳೋ ಗೊತ್ತಿಲ್ಲ. ಗರ್ಭಪಾತದ ಮಾತೇ ಆಗಿದ್ದರೆ, ಇದನ್ನು ಅವಳಂಥವರು ಯಾರಾದರೂ ಓದಲಿ ಅಂತ ಬರೆಯುತ್ತೇನೆ. ಹದಿನೆಂಟು ತುಂಬಿದ್ದರೆ ನಿನ್ನ ಒಬ್ಬಳ ಸಹಿ ಸಾಕು. ಅಪ್ಪನದೂ ಬೇಡ, ಗಂಡನದೂ ಬೇಡ. 20 ವಾರದೊಳಗೆ ಒಬ್ಬ ಡಾಕ್ಟರ್ ಒಪ್ಪಿದರೆ ಆಯಿತು. ಮದುವೆ ಆಗಿಲ್ಲ ಅಂತ ಬೇರೆ ನಿಯಮ ಇಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲೇ ಸ್ಪಷ್ಟ ಮಾಡಿದೆ. ಹದಿನೆಂಟರೊಳಗಿನವಳಾದರೆ ಮನೆಯ ದೊಡ್ಡವರೊಬ್ಬರ ಒಪ್ಪಿಗೆ ಬೇಕು, ಪೊಲೀಸರಿಗೆ ತಿಳಿಸಬೇಕಾಗುತ್ತದೆ, ಆದರೆ ಅವಳೂ ಮನೆಯವರೂ ಬೇಡ ಅಂದರೆ ಡಾಕ್ಟರ್ ಅವಳ ಹೆಸರು ಹೇಳಬೇಕಾಗಿಲ್ಲ ಅಂತ ಅದೇ ತೀರ್ಪಿನಲ್ಲಿದೆ. ಮೆಡಿಕಲ್‌ನಿಂದ ಗರ್ಭಪಾತದ ಗುಳಿಗೆಯ ಕಿಟ್ ತಂದು ಒಬ್ಬಳೇ ನುಂಗಬೇಡ. ರಕ್ತ ನಿಲ್ಲದೆ ಬಂದವರನ್ನು ನಾನು ನೋಡಿದ್ದೇನೆ.

ಪ್ಲೈವುಡ್ ಬದಲು ಗೋಡೆ ಕಟ್ಟಿಸಿ, ಬಾಗಿಲು ಹಿಂದಿನ ಕಡೆಗೆ ಇಡಿ ಅಂತ ನಾಳೆ ಮತ್ತೊಂದು ಪತ್ರ ಕೊಡಬೇಕು. ಇದು ಮೂರನೆಯದು.

ತಾಂಡಾದ ಹುಡುಗಿ ಸಂಜೆ ಫೋನ್ ಮಾಡಿದ್ದಳು. ಬೂದು ಕಿಟ್ಟಿನ ಗುಳಿಗೆ ಗಂಡನೂ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಅವಳಿಗೆ ಮತ್ತೆ ಬರುತ್ತದೆ. ಅವನು ಪುಣೆಯಲ್ಲಿದ್ದಾನೆ. ಭಾವ ಗುರುವಾರ ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಹೋಗುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಾಳಂತೆ. ಕಿಟ್ಟಿನ ಫೋಟೋ ತೆಗೆದು ಗಂಡನಿಗೆ ವಾಟ್ಸಾಪ್ ಮಾಡಿದ್ದಾಳೆ, ಅವನ ಉತ್ತರವನ್ನು ನನಗೂ ಕಳಿಸಿದಳು. ಹಿಂದೆ ಮಿಕ್ಸರ್ ಮಷೀನಿನ ಸದ್ದು, ಅದರ ಮೇಲೆ ಅವನ ದನಿ.

"ಬಿಳಿ ಹೋಗೋದು ನಿನಗ. ನಾ ಯಾಕ ಗುಳಿಗಿ ನುಂಗಬೇಕು?"