ಮೂರಾದ ಮೇಲೆ ಐದು

ಮರುದಿನ ಬೆಳಿಗ್ಗೆ ಪ್ರಿಂಟಿಂಗ್ ಮಷೀನ್‌ಗೆ ಹೋಗಬೇಕಿದ್ದ ಕೆಲಸ. ಬೈಬಲಿನ ಯೋಹಾನನ ಸುವಾರ್ತೆಯ ಹೊಸ ಅನುವಾದ, ಫೈನಲ್ ಪ್ರೂಫ್ ನನ್ನ ಮೇಜಿನ ಮೇಲಿತ್ತು. ಐದನೇ ಅಧ್ಯಾಯಕ್ಕೆ ಬಂದೆ. ಯೆರೂಸಲೇಮಿನ ಬೆಥೆಸ್ದಾ ಕೊಳ, ಐದು ಮಂಟಪ, 38 ವರ್ಷದಿಂದ ಕಾಯಿಲೆ ಬಿದ್ದ ಮನುಷ್ಯ. 3ನೇ ವಚನ ಮುಗಿದ ತಕ್ಷಣ 5. ನಡುವೆ 4 ಇಲ್ಲವೇ ಇಲ್ಲ!

ಡಿಟಿಪಿ ಹುಡುಗ ಮತ್ತೆ ನುಂಗಿದ್ದಾನೆ ಅಂದುಕೊಂಡೆ. ಅವನು ಊಟಕ್ಕೆ ಹೋಗಿದ್ದ. ಕಪಾಟಿನಿಂದ ಹಳೇ ಇಂಗ್ಲಿಷ್ ಅನುವಾದವಾದ ಕಿಂಗ್ ಜೇಮ್ಸ್ ಬೈಬಲ್ ತೆಗೆದರೆ ಅಲ್ಲಿ 4 ಇತ್ತು. ದೇವದೂತ ಆಗಾಗ ಬಂದು ನೀರು ಕಲಕುತ್ತಾನೆ, ಆಮೇಲೆ ಮೊದಲು ಇಳಿದವನಿಗೆ ವಾಸಿಯಾಗುತ್ತದೆ. ನಾನೇ ಕನ್ನಡ ಮಾಡಿ, ಟೈಪಿಸಿ ಸೇರಿಸಿದೆ. ಪುಟಗಳೆಲ್ಲ ಜರುಗಿದವು, ಅದನ್ನೂ ಸರಿಮಾಡಿದೆ. ಬೆನ್ನು ತಟ್ಟಿಕೊಂಡು ಟೀ ಕುಡಿದೆ.

ರಾತ್ರಿ 9ಕ್ಕೆ ಅನುವಾದಕರ ಫೋನ್. ‘ನಾಲ್ಕನ್ನು ಯಾರು ಹಾಕಿದ್ದು?’

‘ನಾನೇ ಸರ್, ಬಿಟ್ಟುಹೋಗಿತ್ತು.’

ಆ ಕಡೆ ಮಾತೇ ಇಲ್ಲ. ಆ ಮೌನ ಈಗಲೂ ಕಿವಿಯಲ್ಲಿದೆ. ಆಮೇಲೆ ಮೆಲ್ಲಗೆ, ‘ಪ್ಲೇಟ್ ನಿಲ್ಲಿಸಿ’ ಎಂದರು. ಮೆಟ್ಟಿಲು ಹಾರಿಕೊಂಡು, ಕಂಪ್ಯೂಟರಿನಿಂದ ಅಚ್ಚಿನ ಪ್ಲೇಟ್ ತೆಗೆಯುವ ಸಿಟಿಪಿ ರೂಮಿಗೆ ಓಡಿದೆ. ಅಷ್ಟರಲ್ಲಿ ಎರಡು ಪ್ಲೇಟ್ ಹೊರಬಂದಿದ್ದವು.

ಬೈಯಲಿಲ್ಲ, ಪಾಪ, ವಿವರಿಸಿದರು. ಸುಮಾರು ಕ್ರಿ.ಶ. 200ರದು ಎಂದು ಹಲವರು ಹೇಳುವ ಗ್ರೀಕ್ ಕೈಬರಹದ ಪ್ರತಿ ಪಪೈರಸ್ 66ರಲ್ಲಿ ಆ ವಚನ ಇಲ್ಲ. ಪಪೈರಸ್ 75ರಲ್ಲೂ ಇಲ್ಲ. ನಾಲ್ಕನೇ ಶತಮಾನದ ಕೈಬರಹದ ಪ್ರತಿಗಳಾದ ಸಿನಾಯಿಟಿಕಸ್, ವ್ಯಾಟಿಕಾನಸ್‌ಗಳಲ್ಲೂ ಇಲ್ಲ. ಐದನೇ ಶತಮಾನದ ಅಲೆಕ್ಸಾಂಡ್ರಿನಸ್ ಪ್ರತಿಯಲ್ಲಿ ಇದೆ. 7ನೇ ವಚನದಲ್ಲಿ ಆ ರೋಗಿ, ನೀರು ಕಲಕಿದಾಗ ನನ್ನನ್ನು ಇಳಿಸಲು ಯಾರೂ ಇಲ್ಲ ಎನ್ನುತ್ತಾನಲ್ಲ, ನೀರು ಯಾಕೆ ಕಲಕಬೇಕು? ಓದುವವರಿಗೆ ತಿಳಿಯಲಿ ಅಂತ ಯಾರೋ ಬರೆದ ವಿವರಣೆ ಮೂಲದೊಳಗೆ ಸೇರಿಕೊಂಡಿತು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. 1551ರಲ್ಲಿ ರಾಬರ್ಟ್ ಎಸ್ಟಿಯೆನ್ ವಚನಗಳಿಗೆ ನಂಬರ್ ಹಾಕಿದಾಗ ಅವನ ಗ್ರೀಕ್ ಪಠ್ಯದಲ್ಲಿ ಅದು ಇತ್ತು, 4 ಅದಕ್ಕೆ ಹೋಯಿತು. ಆಮೇಲಿನ ಅನುವಾದಕರು ವಚನ ತೆಗೆದರೂ ನಂಬರಿನ ಗುಂಡಿ ಉಳಿಯಿತು. ಅವನೂ ಪ್ರೆಸ್ಸಿನವನೇ ಅಂತ ಕೇಳಿ ಸ್ವಲ್ಪ ಸಮಾಧಾನವಾಯಿತು.

ಅಂದರೆ ಆ ಹಳೇ ನಕಲುಗಾರ ಮಾಡಿದ್ದನ್ನೇ ನಾನೂ ಮಾಡಿದ್ದೆ. ಅವನೂ ಒಳ್ಳೇದಕ್ಕೇ ಮಾಡಿದ್ದ, ಅಲ್ವಾ?

ಇದನ್ನೆಲ್ಲ ಹೇಳುವ ಅಡಿಟಿಪ್ಪಣಿ ಮೂಲ ಫೈಲಿನಲ್ಲೇ ಇತ್ತಂತೆ. ನುಡಿ ಫಾಂಟ್‌ನಿಂದ ಯೂನಿಕೋಡ್‌ಗೆ ತಿರುಗಿಸುವಾಗ ಮಾಯ. ಆ ಕನ್ವರ್ಟರ್ ಬದಲಿಸಿ ಅಂತ ಮಾಲೀಕರಿಗೆ ಮೂರು ಸಲ ಹೇಳಿದ್ದೇನೆ. ‘ಕಣ್ಣು ಯಾಕಿರೋದು?’ ಎನ್ನುತ್ತಾರೆ. ಎರಡು ಪ್ಲೇಟಿನ ದುಡ್ಡು ಮಾತ್ರ ನನ್ನ ಸಂಬಳದಲ್ಲಿ ಹೋಯಿತು.

ಮೊನ್ನೆ ಮತ್ತಾಯನ ಸುವಾರ್ತೆಯ 17ನೇ ಅಧ್ಯಾಯದಲ್ಲಿ 20 ಆದಮೇಲೆ 22 ಬಂತು. ಕೈ ತುರಿಸಿತು. ಸುಮ್ನೆ ಪೆನ್ಸಿಲ್ ತೆಗೆದು ಅಂಚಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ, ಟೀಗೆ ಎದ್ದೆ.