ಮೇಲುಕೋಟೆಯಲ್ಲಿ ಒಂದು ದಿನ: ನೆಂಟರ ಮನೆ ಮತ್ತು ಕಾಲುದಾರಿಗಳು

ಮೇಲುಕೋಟೆಗೆ ಬರುವವರಲ್ಲಿ ಹೆಚ್ಚಿನವರು ಬೆಟ್ಟ ಹತ್ತಿಳಿದು, ಚೆಲುವನಾರಾಯಣನ ದರ್ಶನ ಮಾಡಿ, ಪುಳಿಯೋಗರೆ ತಿಂದು ಮಧ್ಯಾಹ್ನದೊಳಗೆ ಹೊರಟುಬಿಡುತ್ತಾರೆ. ಊರಿನಲ್ಲಿ ನೆಂಟರಿರುವವರ ತೊಡಕು ಬೇರೆ. ಒಂದು ಮನೆಗೆ ಹೋದರೆ ಇನ್ನೊಂದು ಮನೆಯವರಿಗೆ ಬೇಸರ, ಎಲ್ಲ ಮನೆಗಳಿಗೂ ಹೋದರೆ ಊರು ನೋಡುವುದೇ ಉಳಿದುಹೋಗುತ್ತದೆ. ತಾಯಿಯ ತವರೂರಾದ್ದರಿಂದ ಆಗಾಗ ಹೋಗಿಬರುವ ನಾನು ಈಚೆಗೆ ಒಂದು ಕ್ರಮವನ್ನು ಪಾಲಿಸುತ್ತಿದ್ದೇನೆ: ಬೆಳಿಗ್ಗೆ ಬೆಟ್ಟ, ನಡುಹಗಲು ನೆಂಟರ ಮನೆ, ಇಳಿಹೊತ್ತಿಗೆ ಕೊಳಗಳ ಕಡೆಯ ಕಾಲುದಾರಿ. ಬಂಡೆಗಲ್ಲಿನ ಈ ಊರಿನಲ್ಲಿ ನಡುಹಗಲಿನ ಬಿಸಿಲಿಗೆ ನಡೆಯಲಾಗುವುದಿಲ್ಲ. ದೇವಸ್ಥಾನವೂ ಆ ಹೊತ್ತಿಗೆ ಮುಚ್ಚಿರುತ್ತದೆ. ಹಾಗಾಗಿ ನೆಂಟರಿಗಾಗಿ ಬೇರೆ ಸಮಯ ಹೊಂದಿಸಬೇಕಾದ ಅಗತ್ಯವೇ ಬೀಳುವುದಿಲ್ಲ.

ಮಂಡ್ಯದಿಂದ ಮೇಲುಕೋಟೆಗೆ ಸುಮಾರು 36 ಕಿಲೋಮೀಟರ್, ಮೈಸೂರಿನಿಂದ ಸುಮಾರು 50. ರೈಲಿನಲ್ಲಿ ಬರುವವರು ಬೆಂಗಳೂರು–ಮೈಸೂರು ಮಾರ್ಗದ ಪಾಂಡವಪುರದಲ್ಲಿ ಇಳಿದು ಬಸ್ಸು ಹಿಡಿಯಬಹುದು. ಜಕ್ಕನಹಳ್ಳಿಯಲ್ಲಿ ಹೆದ್ದಾರಿ ಬಿಟ್ಟ ಮೇಲೆ ರಸ್ತೆ ಏರುತ್ತ ಹೋಗುತ್ತದೆ. ಎಂಟು ಗಂಟೆಗೆ ಮುಂಚೆಯೇ ಊರು ಸೇರುವಂತೆ ಹೊರಡುವುದು ಒಳ್ಳೆಯದು. ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ. ಫಾಲ್ಗುಣ ಮಾಸದ ವೈರಮುಡಿ ಉತ್ಸವಕ್ಕೆ ಉತ್ಸವವನ್ನೇ ನೋಡಲು ಬರಬೇಕು. ಆ ಜನಸಂದಣಿಯಲ್ಲಿ ನಡಿಗೆಯೂ ಆಗದು, ನೆಂಟರಿಗೂ ಬಿಡುವಿರುವುದಿಲ್ಲ.

ನಡಿಗೆಯನ್ನು ಕಲ್ಯಾಣಿಯಿಂದ ಆರಂಭಿಸಿ. ಸುತ್ತಲೂ ಕಲ್ಲುಕಂಬದ ಮಂಟಪಗಳು, ನೀರಿಗಿಳಿಯುವ ಮೆಟ್ಟಿಲುಗಳ ಸಾಲು, ನೆತ್ತಿಯ ಮೇಲೆ ಯೋಗನರಸಿಂಹನ ಬೆಟ್ಟ. ವಾಹನ ಹೋಗುವ ದಾರಿಯೊಂದು ಬೆಟ್ಟದ ಅರ್ಧದವರೆಗೆ ಇದ್ದರೂ, ಮಂಡಿನೋವಿಲ್ಲದವರು ಇಲ್ಲಿಂದಲೇ ಮೆಟ್ಟಿಲು ಹತ್ತುವುದು ಮೇಲು. ಮೆಟ್ಟಿಲುಗಳ ಎತ್ತರ ಒಂದೇ ಸಮನಾಗಿಲ್ಲ, ಕೆಲವು ಜನರ ಪಾದ ಸೋಕಿ ಸೋಕಿ ನುಣುಪಾಗಿವೆ, ಮಳೆ ಬಂದ ಮರುದಿನ ಜಾರುತ್ತವೆ. ದಾರಿಯ ಮಂಟಪಗಳಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದು, ಆದರೆ ಅಲ್ಲಿ ತಿಂಡಿಯ ಪೊಟ್ಟಣ ಬಿಚ್ಚಬೇಡಿ. ಇಲ್ಲಿನ ಕೋತಿಗಳಿಗೆ ಪ್ಲಾಸ್ಟಿಕ್ ಚೀಲದ ಸದ್ದು ಚೆನ್ನಾಗಿ ಗೊತ್ತು. ಬಾಳೆಹಣ್ಣು, ತೆಂಗಿನಕಾಯಿಗಳನ್ನು ಬಟ್ಟೆಯ ಚೀಲದೊಳಗೆ ಹಾಕಿ ಬಾಯಿ ಕಟ್ಟಿಕೊಂಡು ಹೋಗುವುದು ಊರಿನವರ ರೂಢಿ. ಮೇಲೆ ನಿಂತರೆ ಕಲ್ಯಾಣಿ ಕೈಯಳತೆಯಲ್ಲಿದ್ದಂತೆ ಕಾಣುತ್ತದೆ, ಹೆಂಚಿನ ಮನೆಗಳ ಬೀದಿಗಳು ಯಾವುದು ಎಲ್ಲಿಗೆ ಕೂಡುತ್ತದೆ ಎಂಬುದು ತಿಳಿಯುತ್ತದೆ. ಮಧ್ಯಾಹ್ನದ ಮೇಲೆ ನಡೆಯಬೇಕಾದ ದಾರಿಯನ್ನು ಇಲ್ಲಿಂದಲೇ ಒಮ್ಮೆ ಗುರುತಿಸಿಕೊಳ್ಳಿ.

ಇಳಿದ ಮೇಲೆ ಚೆಲುವನಾರಾಯಣ ದೇವಸ್ಥಾನ. ಹನ್ನೆರಡನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ಇಲ್ಲಿ ನೆಲೆಸಿ ಪೂಜಾಕ್ರಮವನ್ನು ನೆಲೆಗೊಳಿಸಿದರೆಂಬುದು ಊರಿನವರೆಲ್ಲರ ಬಾಯಲ್ಲಿರುವ ಮಾತು. ಒಳಾಂಗಣದ ಕಂಬಗಳ ಕೆತ್ತನೆಯನ್ನು ಅವಸರವಿಲ್ಲದೆ ನೋಡಬೇಕು. ದರ್ಶನದ ಸಾಲಿನಲ್ಲಿ ನಿಂತಿರುವಾಗಲೇ ಅರ್ಧ ನೋಡಿ ಮುಗಿಯುತ್ತದೆ. ಸಮೀಪದಲ್ಲೇ ಕವಿ ಪು.ತಿ.ನ. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. 1905ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಅವರ ಕಾವ್ಯವನ್ನು ಓದಿದವರು ಅದನ್ನು ನೋಡದೆ ಹೋಗಬಾರದು.

ಇನ್ನು ನೆಂಟರ ಮನೆ. ಊಟಕ್ಕೆ ಬರುವುದಾದರೆ ಹಿಂದಿನ ದಿನವೇ ತಿಳಿಸಿ. ಹೇಳದೆ ಹೋದರೂ ಊಟ ಸಿಗುತ್ತದೆ, ಆದರೆ ವಯಸ್ಸಾದವರು ಬಿಸಿಲಿನಲ್ಲಿ ಅಂಗಡಿಗೆ ಓಡುವಂತಾಗುತ್ತದೆ. ಹಣ್ಣು, ಹೂವು, ವೀಳ್ಯದೆಲೆ ಒಯ್ದರೆ ಸಾಕು. ಬೇಕರಿಯ ಸಿಹಿತಿಂಡಿಯನ್ನು ಮಡಿಯ ಮನೆಗಳಲ್ಲಿ ತೆಗೆದುಕೊಂಡರೂ ತಿನ್ನುವುದಿಲ್ಲ. ಮನೆಗಳು ಹೆಚ್ಚಿದ್ದರೆ ಒಂದರಲ್ಲಿ ಊಟ, ಇನ್ನೊಂದರಲ್ಲಿ ಕಾಫಿ, ಉಳಿದ ಕಡೆ ಜಗಲಿಯಲ್ಲಿ ಹತ್ತು ನಿಮಿಷ ಎಂದು ಫೋನಿನಲ್ಲೇ ಒಪ್ಪಿಸಿಕೊಳ್ಳಿ. ನಾನು ಊಟಕ್ಕೆ ಕೂರುವುದು ದೊಡ್ಡಮ್ಮನ ಮನೆಯಲ್ಲಿ. ಅವರು ಪುಳಿಯೋಗರೆಯ ಗೊಜ್ಜನ್ನು ಮುಂಚಿನ ದಿನವೇ ಕಾಯಿಸಿಟ್ಟಿರುತ್ತಾರೆ: ಹುಣಸೆರಸ ಸಣ್ಣ ಉರಿಯಲ್ಲಿ ಕುದಿದು ಕುದಿದು, ಬಾಣಲೆಯ ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡು, ಸೌಟಿನಿಂದ ಬೀಳದಷ್ಟು ಗಟ್ಟಿಯಾಗುವವರೆಗೆ ಒಲೆಯ ಮುಂದಿನಿಂದ ಏಳುವುದಿಲ್ಲ. ಮರುದಿನ ಆರಿದ ಅನ್ನಕ್ಕೆ ಅದನ್ನು ಕಲಸಿ, ಹುರಿದು ಪುಡಿಮಾಡಿದ ಕರಿಎಳ್ಳು ಉದುರಿಸುತ್ತಾರೆ. ಬಿಸಿ ಅನ್ನಕ್ಕೆ ಕಲಸಿದರೆ ಮುದ್ದೆಯಾಗುತ್ತದೆಂಬುದು ಅವರ ದೂರು, ಹೋಟೆಲಿನವರ ಮೇಲೆ. ಊಟವಾದ ಕೂಡಲೇ ನಾನು ಚಪ್ಪಲಿ ಹುಡುಕಿದರೆ, "ಬಿಸಿಲು ಇಳೀಲಿ, ಒಂದು ಗಳಿಗೆ ಮಲಗು. ರಾಯಗೋಪುರ ಎಲ್ಲಿಗೂ ಓಡಿಹೋಗೋದಿಲ್ಲ" ಎನ್ನುತ್ತಾರೆ. ಈ ಸಲಹೆಯನ್ನು ನೀವೂ ಪಾಲಿಸಿ.

ನಾಲ್ಕು ಗಂಟೆಗೆ ಎದ್ದು ರಾಯಗೋಪುರದ ಕಡೆ ಹೊರಡಬಹುದು. ಪೂರ್ತಿಯಾಗದೆ ನಿಂತುಹೋದ ಹೆಬ್ಬಾಗಿಲು ಇದು. ಆಕಾಶಕ್ಕೆ ಎದ್ದ ಕಂಬಗಳ ಬುಡದಲ್ಲಿ ಸಿನಿಮಾ ನೆನೆದು ಫೋಟೋ ತೆಗೆಸಿಕೊಳ್ಳುವವರು ಯಾವಾಗಲೂ ಇರುತ್ತಾರೆ. ಅವರನ್ನು ದಾಟಿ ಸ್ವಲ್ಪ ನಡೆದರೆ ಅಕ್ಕತಂಗಿ ಕೊಳ. ಮಗ್ಗುಲಲ್ಲೇ ಇರುವ ಎರಡು ಕೊಳಗಳನ್ನು ಅಕ್ಕ ಮತ್ತು ತಂಗಿ ಕಟ್ಟಿಸಿದರೆಂದೂ, ಒಂದರ ನೀರು ಕುಡಿಯಲು ಯೋಗ್ಯವಾಗಿ ಇನ್ನೊಂದರದು ಆಗಲಿಲ್ಲವೆಂದೂ ಕಥೆ. ಯಾರದು ಯಾವ ಕೊಳವೆಂದು ಊರಿನಲ್ಲಿ ಇಬ್ಬರನ್ನು ಕೇಳಿದರೆ ಒಂದು ಚರ್ಚೆಯೇ ನಡೆದೀತು. ನೀವಂತೂ ಎರಡನ್ನೂ ಕುಡಿಯದೆ ಬಾಟಲಿಯ ನೀರನ್ನೇ ಕುಡಿಯಿರಿ.

ಇನ್ನೂ ಕಸುವಿದ್ದವರು ಧನುಷ್ಕೋಟಿಗೆ ಹೋಗಬಹುದು. ಸೀತೆಯ ಬಾಯಾರಿಕೆಗೆ ರಾಮ ಬಾಣ ಹೂಡಿ ನೀರು ಚಿಮ್ಮಿಸಿದನೆಂದು ಹೇಳುವ, ಬಂಡೆಗಳ ನಡುವಿನ ತೀರ್ಥ ಅದು. ಕಾರ್ತಿಕ ಮಾಸದಲ್ಲಿ ಅಷ್ಟತೀರ್ಥೋತ್ಸವ ನಡೆದು ತೊಟ್ಟಿಲಮಡುವಿನಲ್ಲಿ ಜಾತ್ರೆ ಸೇರುವಾಗ ಈ ಕಾಲುದಾರಿಗಳ ತುಂಬ ಜನವಿರುತ್ತಾರೆ, ದಾರಿ ತಪ್ಪುವ ಭಯವಿಲ್ಲ. ಉಳಿದ ದಿನಗಳಲ್ಲಿ ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ನೆಂಟರ ಮನೆಯ ಹುಡುಗರಿದ್ದರೆ ಸುಲಭ. ಕುರುಚಲು ಕಾಡಿನ ಕಡೆಗೆ ತೋಳಗಳಿಗೆ ಆಶ್ರಯವಾದ ವನ್ಯಧಾಮವಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದರೊಳಗಿನ ದಾರಿ ಹಿಡಿಯಬಾರದು, ಕತ್ತಲಾಗುವ ಮುಂಚೆ ಬೀದಿದೀಪಗಳ ಸರಹದ್ದಿಗೆ ಮರಳಿರಬೇಕು.

ಕೈಮಗ್ಗದ ಬಟ್ಟೆ ಬೇಕಿದ್ದರೆ 1960ರಿಂದ ಕೆಲಸ ಮಾಡುತ್ತಿರುವ ಜನಪದ ಸೇವಾ ಟ್ರಸ್ಟ್‌ನ ಖಾದಿಯನ್ನು ಹಗಲಿನಲ್ಲೇ ನೋಡಿ ಕೊಂಡುಕೊಳ್ಳಿ. ಸ್ವಂತ ವಾಹನವಿಲ್ಲದವರು ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಬೆಳಿಗ್ಗೆ ಇಳಿಯುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ಅದು ತಪ್ಪಿದರೆ ಜಕ್ಕನಹಳ್ಳಿಯವರೆಗೆ ಆಟೋ ಹುಡುಕಬೇಕಾಗುತ್ತದೆ, ಇಲ್ಲವೇ ಕಾಫಿ ಕುಡಿದ ಮನೆಯಲ್ಲೇ ರಾತ್ರಿಯ ಊಟಕ್ಕೂ ಎಲೆ ಬೀಳುತ್ತದೆ.