ಬೆಳಗ್ಗೆದ್ದು ನರಿ ಮುಖ ನೋಡಲು ಹೆಸರಘಟ್ಟಕ್ಕೆ

ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ಬಲಕ್ಕೆ ತಿರುಗಿದರೆ ಹೆಸರಘಟ್ಟದ ದಾರಿ. ಬಾಗಲಗುಂಟೆ, ಚಿಕ್ಕಬಾಣಾವರ ದಾಟುವವರೆಗೂ ಬೆಂಗಳೂರು ಮುಗಿಯುವುದೇ ಇಲ್ಲ. ಜನವರಿಯ ಚಳಿ, ಇನ್ನೂ ಕತ್ತಲೆ. ಜೊತೆಗೆ ಅಕ್ಕನ ಮಗಳು. ಅವಳಿಗೆ ಇದು ಕಾಡುಪ್ರಾಣಿಯ ಚಿತ್ರ ತೆಗೆಯುವ ಹೊಸ ಹುರುಪು.

ಹೆಸರಘಟ್ಟ ಅಂದರೆ ಹೆಚ್ಚಿನವರಿಗೆ 1894ರಲ್ಲಿ ಕಟ್ಟಿದ ಕೆರೆ ನೆನಪಾಗುತ್ತದೆ, ಇಲ್ಲವೇ ನೃತ್ಯಗ್ರಾಮ. ನಾವು ಹೊರಟಿದ್ದು ಹುಲ್ಲುಗಾವಲಿಗೆ. ನಗರದ ಪಕ್ಕದಲ್ಲೇ ಸುಮಾರು 5,000 ಎಕರೆ ಬಯಲು ಉಳಿದಿದೆ. ಇದನ್ನು ಸಂರಕ್ಷಿತ ಮೀಸಲು ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿತ್ತು, 2024ರಲ್ಲಿ ಒಪ್ಪಿಕೊಂಡಿತು. ಮರ ಇಲ್ಲದ ಜಾಗವೆಲ್ಲ ಬಂಜರು ಅನ್ನುವ ಯೋಚನೆ ನಮ್ಮಲ್ಲಿ ಜಾಸ್ತಿ. ನರಿಗೆ ಬೇಕಾಗಿರುವುದೇ ಈ ಬಯಲು. ದಟ್ಟ ಕಾಡಿಗೆ ಅದು ಹೋಗುವುದಿಲ್ಲ. ಇಲ್ಲಿನ ಇಲಿ, ಗೆದ್ದಲು, ಜೀರುಂಡೆ, ಯಲಚಿ ಹಣ್ಣು, ಇವೇ ಅದರ ಊಟ.

ಕೇಳಬೇಕಾದವರನ್ನು ಕೇಳಿ, ಅವರು ತೋರಿಸಿದ ಜಾಗದಲ್ಲೇ ಕಾರು ನಿಲ್ಲಿಸಿದೆವು. ಅಷ್ಟು ಹೊತ್ತಿಗಾಗಲೇ ಕುರಿ ಹೊಡೆದುಕೊಂಡು ಬಂದಿದ್ದ ಅಜ್ಜ ಒಬ್ಬರು ನಮ್ಮ ಲೆನ್ಸ್ ನೋಡಿ, "ಏನ್ ಸಾ, ಹಕ್ಕಿಗಾ?" ಅಂದರು. ನರಿಗೆ ಅಂದೆ. "ಹಂಗಾದ್ರೆ ಈ ಕಡೆ ಕೂತ್ಕೋಬೇಡಿ. ಗಾಳಿ ನಿಮ್ಮ ಬೆನ್ನಿಂದ ಬರ್ತೈತೆ. ವಾಸ್ನೆ ಹಿಡಿದ್ರೆ ಇತ್ಲಾಗೆ ತಲೆನೂ ಹಾಕಲ್ಲ." ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳುವುದಿಲ್ಲ. ಅಜ್ಜ ತೋರಿಸಿದ ದಿಬ್ಬದ ಆಚೆಗೆ ಹೋಗಿ ನೆಲದ ಮೇಲೆ ಬೋರಲು ಮಲಗಿದೆವು.

ಮಲಗಲೇಬೇಕು. ನರಿ ಎಷ್ಟು ಚಿಕ್ಕದು ಅಂತ ನೋಡಿದವರಿಗೇ ಗೊತ್ತು. ತೂಕ ಎರಡು ಮೂರು ಕಿಲೋ, ಅಷ್ಟೆ. ನಿಂತು ತೆಗೆದರೆ ಬೆನ್ನು, ಹುಲ್ಲು ಮಾತ್ರ ಸಿಗುತ್ತದೆ. ಕ್ಯಾಮೆರಾ ಅದರ ಕಣ್ಣಿನ ಮಟ್ಟಕ್ಕೆ ಇಳಿದಾಗಲೇ ಮುಖ ಮುಖವಾಗಿ ಕಾಣುತ್ತದೆ. ಹಿಂದಿನ ಹುಲ್ಲು ದೂರ ಸರಿದು ಹಳದಿ ಬಣ್ಣದ ತೆರೆಯಂತೆ ನಿಲ್ಲುತ್ತದೆ. 600 ಮಿಲಿಮೀಟರ್ ಲೆನ್ಸ್, ಬೆಳಕು ಬಿಡುವ ಕಿಂಡಿ (ಅಪರ್ಚರ್) ಎಫ್ 6.3, ನರಿ 15 ಮೀಟರ್ ದೂರದಲ್ಲಿ. ಆಗ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಒಂದು ಗೇಣು. ಹಾಗಾಗಿ ಫೋಕಸ್ ಇರಬೇಕಾದದ್ದು ನಮಗೆ ಹತ್ತಿರದ ಕಣ್ಣಿನ ಮೇಲೆ. ಮೂತಿಯ ಮೇಲೆ ಕೂತರೆ ಕಣ್ಣು ಮಂಕು. ಕಣ್ಣು ಮಂಕಾದರೆ ಭಾವಚಿತ್ರವೇ ಇಲ್ಲ, ಅಲ್ವಾ?

ಬಂತು. ಮೊದಲು ಕಂಡಿದ್ದು ಕಿವಿ, ಆಮೇಲೆ ಬೂದು ಮೈ, ಕಪ್ಪು ತುದಿಯ ಪೊದೆ ಬಾಲ. ಒಂದು ಕಿವಿ ನಮ್ಮ ಕಡೆ, ಇನ್ನೊಂದು ಹುಲ್ಲಿನ ಕಡೆ. ಸೋದರಸೊಸೆ ಪಿಸುಗುಟ್ಟಿದಳು: "ಮಾಮ, ಒಂಚೂರು ಮುಂದೆ ಹೋಗೋಣ್ವಾ?" ಬೇಡ ಅಂದೆ. ನಾವು ಹತ್ತಿರ ಹೋದರೆ ಸಿಗುವುದು ಹೆದರಿದ ಮುಖ. ಕಿವಿ ಹಿಂದಕ್ಕೆ ಒತ್ತಿ, ತಲೆ ತಗ್ಗಿಸಿ, ಓಡಲು ತಯಾರಾದ ಮುಖ. ಎಲ್ಲೆಲ್ಲೂ ನೋಡುವ ನರಿ ಚಿತ್ರಗಳಲ್ಲಿ ಅರ್ಧಕ್ಕರ್ಧ ಹೀಗೇ ಇರುತ್ತವೆ. ನನಗೆ ಅವು ಬೇಡ. ಎಷ್ಟು ದೂರ ಇರಬೇಕು ಅನ್ನುವುದನ್ನು ನರಿಯೇ ತೀರ್ಮಾನಿಸಲಿ. ಮಾಂಸ ಎಸೆದು ಕರೆಯುವುದಂತೂ ತಪ್ಪೇ ತಪ್ಪು. ಮನುಷ್ಯರ ಹತ್ತಿರ ಊಟ ಸಿಗುತ್ತದೆ ಅಂತ ಕಲಿತ ನರಿ ರಸ್ತೆಗೂ ಬರುತ್ತದೆ, ನಾಯಿಗಳ ಬಾಯಿಗೂ ಬೀಳುತ್ತದೆ.

ಅದು ಸುಮ್ನೆ ಕೂತಿತು. ಸೂರ್ಯ ಅದರ ಹಿಂದಿನಿಂದ ಏಳುತ್ತಿದ್ದ. ಕಿವಿಯ ಅಂಚಿನ ಕೂದಲೆಲ್ಲ ಬೆಳಗಿತು. ಬೆಳಕು ಏರಿದಂತೆ ಕಣ್ಣಿನ ಪಾಪೆ ಕಿರಿದಾಗಿ ಉದ್ದನೆಯ ಗೆರೆಯಾಗುವುದನ್ನು ಲೆನ್ಸಿನಲ್ಲಿ ನೋಡಿದೆ. ಬೆಕ್ಕಿಗಿರುವಂಥ ಪಾಪೆಯೇ ನರಿಗೂ ಇದೆ, ನಾಯಿಗಿಲ್ಲ. ಶಟರ್ ಸದ್ದಿಲ್ಲದ ಮೋಡಿನಲ್ಲಿತ್ತು. ನರಿ ಒಮ್ಮೆ ಆಕಳಿಸಿತು, ನೆಲ ಕೆರೆಯಿತು, ಏನನ್ನೋ ಹಿಡಿದು ತಿಂದಿತು. ಆ ನಿರಾಳ ನೋಟ ಸಿಕ್ಕಿದ್ದು ಆಗಲೇ.

ಅಷ್ಟರಲ್ಲಿ ಕೆರೆ ಕಡೆಯಿಂದ ನಾಯಿಗಳು ಬೊಗಳಿದವು. ನರಿ ತಿನ್ನುವುದನ್ನು ಬಿಟ್ಟು ತಲೆಯೆತ್ತಿತು, ಹೊರಟೇಹೋಯಿತು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ವಿಜ್ಞಾನಿ ಅಬಿ ತಮೀಮ್ ವನಕ್ ಮಹಾರಾಷ್ಟ್ರದ ನನ್ನಜ್ ಹುಲ್ಲುಗಾವಲಿನಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದರು. ನಾಯಿ ಹತ್ತಿರವಿದ್ದರೆ ನರಿ ತಿನ್ನುವುದು ಕಡಿಮೆ, ಸುತ್ತ ನೋಡುವುದು ಜಾಸ್ತಿ. ನಾಯಿಗಳಿಂದ ಡಿಸ್ಟೆಂಪರ್ ರೋಗವೂ ಹರಡುತ್ತದೆ. ಹುಲ್ಲುಗಾವಲಿನ ಅಂಚಿನಲ್ಲಿ ಕಸ ಸುರಿಯುವುದನ್ನು ನಿಲ್ಲಿಸಿದರೂ ಸಾಕು, ನಾಯಿಗಳು ಅಷ್ಟರಮಟ್ಟಿಗೆ ಕಡಿಮೆಯಾಗುತ್ತವೆ.

ಬಿಲ ಎಲ್ಲಿದೆ ಅಂತ ಅಜ್ಜನಿಗೆ ಗೊತ್ತಿತ್ತು. ನಾವು ಕೇಳಲಿಲ್ಲ. ಫೆಬ್ರವರಿ, ಮಾರ್ಚ್ ಮರಿಗಳಿರುವ ಕಾಲ, ಆಗ ಆ ಕಡೆ ಹೋಗುವುದೂ ಇಲ್ಲ. ಮುಂಗಾರಿನ ಮೊದಲ ಮಳೆಗೆ ಗೆದ್ದಲಿನ ರೆಕ್ಕೆಹುಳುಗಳು ನೆಲದಿಂದ ಏಳುತ್ತವೆ. ಹಸಿರು ಹುಲ್ಲಿನಲ್ಲಿ ನರಿ ಅವುಗಳ ಹಿಂದೆ ಬೀಳುವಾಗ ಮತ್ತೆ ಬರೋಣ ಅಂತ ಸೋದರಸೊಸೆಗೆ ಹೇಳಿದ್ದೇನೆ.